ಮನರಂಜನೆಯ ಮೂಲಕ ಯುವಜನರ ಆರೋಗ್ಯ ಶಿಕ್ಷಣ: ‘ಶುಗಾ’ ಧಾರಾವಾಹಿಯ ನಿದರ್ಶನ

ಕಥೆ, ನಾಟಕ, ಧಾರಾವಾಹಿಗಳನ್ನು ಜನರ ತಿಳಿವಳಿಕೆ ಮತ್ತು ನಡವಳಿಕೆ ಬದಲಿಸುವ ಉದ್ದೇಶದಿಂದಲೇ ಹೆಣೆಯುವ ಕ್ರಮಕ್ಕೆ ಮನರಂಜನಾ ಶಿಕ್ಷಣ ಎಂದು ಹೆಸರು. ಇದಕ್ಕೆ ವ್ಯವಸ್ಥಿತ ರೂಪ ಕೊಟ್ಟವರು ಮೆಕ್ಸಿಕೊದ ನಿರ್ಮಾಪಕ ಮಿಗೆಲ್ ಸಬಿದೊ. 1970ರ ದಶಕದಲ್ಲಿ ಅವರ ಟಿವಿ ಧಾರಾವಾಹಿಗಳು ವಯಸ್ಕರ ಸಾಕ್ಷರತೆ, ಕುಟುಂಬ ಯೋಜನೆಯಂಥ ವಿಷಯಗಳನ್ನು ಮನೆಮಂದಿಯ ಕಥೆಯೊಳಗೆ ತಂದವು. ಇತರರ ನಡೆಯನ್ನೂ ಅದರ ಫಲವನ್ನೂ ನೋಡಿ ಮನುಷ್ಯ ಕಲಿಯುತ್ತಾನೆ ಎಂಬ ಆಲ್ಬರ್ಟ್ ಬಂಡೂರಾ ಅವರ ಸಿದ್ಧಾಂತ ಇದರ ತಳಹದಿ. ಆದ್ದರಿಂದ ಇಂಥ ಕಥೆಗಳಲ್ಲಿ ಒಳ್ಳೆಯ ಮಾದರಿ, ಕೆಟ್ಟ ಮಾದರಿಗಳ ಜೊತೆಗೆ ಎರಡರ ನಡುವೆ ತೊಯ್ದಾಡಿ ಕೊನೆಗೆ ದಾರಿ ಕಂಡುಕೊಳ್ಳುವ ಪಾತ್ರವೂ ಇರುತ್ತದೆ. ಯುವಜನರ ಮಟ್ಟಿಗೆ ಈ ಮೂರನೆಯ ಪಾತ್ರವೇ ಮುಖ್ಯ. ಎಚ್‌ಐವಿ ಹೇಗೆ ಹರಡುತ್ತದೆಂದು ಬಲ್ಲವರು ಕೂಡ ಪರೀಕ್ಷೆ ಮಾಡಿಸಿಕೊಳ್ಳಲು ಹಿಂಜರಿಯುತ್ತಾರೆ. ಫಲಿತಾಂಶದ ಭಯ, ಯಾರಾದರೂ ನೋಡಿಬಿಟ್ಟಾರೆಂಬ ಅಳುಕು ಅವರನ್ನು ತಡೆಯುತ್ತವೆ. ಭಿತ್ತಿಪತ್ರಕ್ಕೆ ಈ ಅಳುಕಿನ ಹತ್ತಿರ ಸುಳಿಯಲಾಗದು. ಅದೇ ಅಳುಕನ್ನು ಅನುಭವಿಸಿ ದಾಟುವ ಪಾತ್ರಕ್ಕೆ ಅದು ಸಾಧ್ಯ.

ಇದು ಬರೀ ನಂಬಿಕೆಯ ಮಾತಲ್ಲ ಎನ್ನಲು ಅತ್ಯಂತ ಗಟ್ಟಿ ಆಧಾರ ಸಿಕ್ಕಿರುವುದು ‘ಶುಗಾ’ದಿಂದ. ಎಂಟಿವಿಯ ಸ್ಟೇಯಿಂಗ್ ಅಲೈವ್ ಪ್ರತಿಷ್ಠಾನದ ಈ ಧಾರಾವಾಹಿ 2009ರಲ್ಲಿ ಕೀನ್ಯಾದಲ್ಲಿ ಶುರುವಾಗಿ 2013ರಲ್ಲಿ ನೈಜೀರಿಯಾಕ್ಕೆ ಬಂತು. ಪ್ರೇಮ, ಪಾರ್ಟಿ, ಓದು, ಹಣಕ್ಕಾಗಿ ಹಿರಿಯ ಗಂಡಸರೊಡನೆ ಬೆಳೆಯುವ ಸಂಬಂಧ ಇವೆಲ್ಲ ಅದರ ಕಥಾವಸ್ತು. ಅಭಿಜಿತ್ ಬ್ಯಾನರ್ಜಿ, ಎಲಿಯಾನಾ ಲಾ ಫೆರಾರಾ, ವಿಕ್ಟರ್ ಒರೋಜ್ಕೊ ಎಂಬ ಅರ್ಥಶಾಸ್ತ್ರಜ್ಞರು ನೈಋತ್ಯ ನೈಜೀರಿಯಾದ ನಗರ ಪ್ರದೇಶಗಳ 80 ಕೇಂದ್ರಗಳಲ್ಲಿ, 18ರಿಂದ 25 ವಯಸ್ಸಿನ ಸುಮಾರು 5,000 ಮಂದಿಯೊಡನೆ ಇದನ್ನು ಪರೀಕ್ಷೆಗೆ ಒಡ್ಡಿದರು. ಯಾವ ಕೇಂದ್ರದಲ್ಲಿ ಏನು ತೋರಿಸಬೇಕೆಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿ, ಕೆಲವೆಡೆ ‘ಶುಗಾ’, ಉಳಿದೆಡೆ ಆರೋಗ್ಯದ ಸಂದೇಶವಿಲ್ಲದ ಬೇರೊಂದು ಧಾರಾವಾಹಿ ತೋರಿಸಿದರು. ಎಂಟು ತಿಂಗಳ ನಂತರ ನೋಡಿದರೆ, ‘ಶುಗಾ’ ನೋಡಿದವರು ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳುವ ಸಾಧ್ಯತೆ ಇತರರಿಗಿಂತ ಇಮ್ಮಡಿಯಾಗಿತ್ತು. ಜನ ಸಂಶೋಧಕರನ್ನು ಮೆಚ್ಚಿಸಲು ಉತ್ತರ ಕೊಡುತ್ತಾರೆ ಎಂಬ ಆಕ್ಷೇಪಕ್ಕೂ ಇಲ್ಲಿ ಸಮಾಧಾನವಿದೆ. ಕ್ಲಮೀಡಿಯಾ ಎಂಬ ಲೈಂಗಿಕ ಸೋಂಕನ್ನು ವೈದ್ಯಕೀಯ ಪರೀಕ್ಷೆಯಿಂದಲೇ ಅಳೆಯಲಾಗಿತ್ತು. ಅದು ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಕಥೆಯಲ್ಲಿ ಹೆಚ್ಚು ತಲ್ಲೀನರಾದವರಲ್ಲಿ ಪರಿಣಾಮವೂ ಹೆಚ್ಚು. ನಿಮ್ಮ ಓರಗೆಯವರು ಹೀಗೆ ಯೋಚಿಸುತ್ತಾರೆ ಎಂದು ಕೆಲವರಿಗೆ ಪ್ರತ್ಯೇಕವಾಗಿ ತೋರಿಸಿದ ದೃಶ್ಯಗಳಿಂದ ಮಾತ್ರ ಹೇಳಿಕೊಳ್ಳುವಂಥ ಹೆಚ್ಚಿನ ಲಾಭವಾಗಲಿಲ್ಲ. ಕೆಲಸ ಮಾಡಿದ್ದು ಕಥೆಯೇ.

ಕಥೆಗೆ ಇಷ್ಟು ಬಲವಿದ್ದರೆ ಅದು ಕೆಡುಕನ್ನೂ ಕಲಿಸೀತಲ್ಲವೇ? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಹದಿಹರೆಯದ ಹುಡುಗಿಯ ಆತ್ಮಹತ್ಯೆಯ ಸುತ್ತ ಹೆಣೆದ ‘13 ರೀಸನ್ಸ್ ವೈ’ ಧಾರಾವಾಹಿ 2017ರಲ್ಲಿ ಬಂದಾಗ ಮನೋವೈದ್ಯರು ಎಚ್ಚರಿಸಿದ್ದರು; ನೆಟ್‌ಫ್ಲಿಕ್ಸ್ ಆ ಸಾವಿನ ದೃಶ್ಯವನ್ನು ತೆಗೆದದ್ದು 2019ರಲ್ಲಿ. ಆ ಬಳಿಕ ಹದಿಹರೆಯದವರ ಆತ್ಮಹತ್ಯೆಗಳು ಹೆಚ್ಚಲು ಆ ಧಾರಾವಾಹಿಯೇ ಕಾರಣವೇ ಎಂಬ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲದಿದ್ದರೂ, ಎಳೆಯ ಜೀವಗಳ ವಿಷಯದಲ್ಲಿ ಎರಡು ವರ್ಷ ಕಾದದ್ದು ತಪ್ಪೇ. ಪ್ರೇಕ್ಷಕರು ಪಾತ್ರವನ್ನು ತಲೆಕೆಳಗಾಗಿ ಗ್ರಹಿಸುವ ಅಪಾಯವೂ ಉಂಟು. 1984ರಲ್ಲಿ ದೂರದರ್ಶನದಲ್ಲಿ ಆರಂಭವಾದ ‘ಹಮ್ ಲೋಗ್’ನಲ್ಲಿ ಎಲ್ಲವನ್ನೂ ಸಹಿಸುವ ತಾಯಿ ಭಾಗವಂತಿ ಅನುಸರಿಸಬಾರದ ಮಾದರಿಯಾಗಬೇಕಿತ್ತು, ಅನೇಕರು ಅವಳನ್ನೇ ಆದರ್ಶ ಗೃಹಿಣಿಯೆಂದು ಮೆಚ್ಚಿದರು. ಟಾಂಜಾನಿಯಾದ ‘ಟ್ವೆಂಡೆ ನಾ ವಕಾಟಿ’ ಬಾನುಲಿ ಧಾರಾವಾಹಿಯ ಮ್ಕ್ವಾಜು ವಿಷಯದಲ್ಲಿ ಹಾಗಾಗಲಿಲ್ಲ. ದಾರಿಯುದ್ದಕ್ಕೂ ಗೆಳತಿಯರನ್ನು ಇಟ್ಟುಕೊಂಡ ಆ ಲಾರಿ ಚಾಲಕ ಏಡ್ಸ್‌ಗೆ ತುತ್ತಾಗುತ್ತಾನೆ. ಅವನ ನಡತೆಯ ಫಲ ಕಥೆಯೊಳಗೇ ಒದಗುತ್ತದೆ. ಭಾಗವಂತಿಯ ಸಹನೆಗಾದರೋ ನಮ್ಮ ಸಮಾಜದಲ್ಲಿ ಮೊದಲೇ ಗೌರವವಿತ್ತು. ಆದ್ದರಿಂದ ಪ್ರಸಾರಕ್ಕೆ ಮುನ್ನ ಚಿತ್ರಕಥೆಯನ್ನು ಯುವಜನರ ಮುಂದಿಟ್ಟು ಅವರಿಗೆ ಏನು ಅರ್ಥವಾಯಿತೆಂದು ಕೇಳುವುದು ಕಡ್ಡಾಯವಾಗಬೇಕು.

ಮಿತಿಯೂ ಇದೆ. ಇಷ್ಟೆಲ್ಲ ಸಾಧಿಸಿದ ‘ಶುಗಾ’ದಿಂದ ಕಾಂಡೋಮ್ ಬಳಕೆ ಹೆಚ್ಚಲಿಲ್ಲ. ಪರೀಕ್ಷೆಗೆ ಹೋಗುವ ತೀರ್ಮಾನವನ್ನು ಒಬ್ಬರೇ ಕೈಗೊಳ್ಳಬಹುದು. ಕಾಂಡೋಮ್‌ಗೆ ಇನ್ನೊಬ್ಬರ ಒಪ್ಪಿಗೆಯೂ ಬೇಕು. ಹಣ, ವಯಸ್ಸುಗಳ ಅಂತರವಿರುವ ಸಂಬಂಧದಲ್ಲಿ ಹುಡುಗಿಯ ಮಾತು ನಡೆಯುವುದು ಕಷ್ಟ. ಅಲ್ಲಿ ಧಾರಾವಾಹಿಯ ಜೊತೆಗೆ ಓದಿನ ಶುಲ್ಕಕ್ಕೆ ನೆರವು, ಗುಟ್ಟು ಕಾಯುವ ಆಸ್ಪತ್ರೆ, ಹುಡುಗಿಯ ಮಾತಿಗೆ ಕಿವಿಗೊಡುವ ಆಪ್ತಸಮಾಲೋಚಕರು ಇರಲೇಬೇಕು.