ಪರಿಸರ ಅಪರಾಧಗಳ ತನಿಖೆ: ಗುಡೂರು ಭಾಗದ ರೈತರು ತಿಳಿದಿರಬೇಕಾದ ವಿಷಯಗಳು

ಪೀಠಿಕೆ

ಬಾಗಲಕೋಟೆ ಜಿಲ್ಲೆಯ ಗುಡೂರು ಹಾಗೂ ಸುತ್ತಲಿನ ಬಾದಾಮಿ, ಹುನಗುಂದ, ಇಳಕಲ್ ತಾಲ್ಲೂಕುಗಳ ಕೃಷಿಗೆ ಮಲಪ್ರಭಾ ನದಿ, ಹಳ್ಳಗಳು ಮತ್ತು ಬಾವಿ, ಕೊಳವೆಬಾವಿಗಳೇ ಆಧಾರ. ಪಟ್ಟದಕಲ್ಲು, ಐಹೊಳೆಗಳನ್ನು ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ನದಿಯ ಮರಳಿಗೂ ಇಳಕಲ್ ಸೀಮೆಯ ಕೆಂಪು ಗ್ರಾನೈಟ್ ಶಿಲೆಗೂ ಬೇಡಿಕೆಯಿದೆ. ನೇಕಾರಿಕೆಯ ಊರುಗಳಲ್ಲಿ ನೂಲಿಗೆ ಬಣ್ಣ ಹಾಕುವ ಕೆಲಸವೂ ನಡೆಯುತ್ತದೆ. ಇವೆಲ್ಲವೂ ಕಾನೂನು ಒಪ್ಪುವ ಉದ್ಯೋಗಗಳೇ. ಆದರೆ ಯಾರಾದರೂ ನಿಯಮ ಮೀರಿದಾಗ ಮೊದಲ ಪೆಟ್ಟು ಬೀಳುವುದು ಪಕ್ಕದ ಹೊಲಕ್ಕೆ ಮತ್ತು ಬಾವಿಗೆ.

ಇಂತಹ ಪ್ರಕರಣಗಳಲ್ಲಿ ರೈತನ ದೂರು ನಿಜವಾಗಿದ್ದರೂ ನ್ಯಾಯಾಲಯದಲ್ಲಿ ನಿಲ್ಲದೆ ಹೋಗಬಹುದು. ಮಾದರಿಯನ್ನು ಯಾರು ತೆಗೆದರು, ಮುದ್ರೆ ಹಾಕಲಾಯಿತೇ, ನ್ಯಾಯಾಲಯಕ್ಕೆ ದೂರು ಸಲ್ಲಿಸಿದವರಿಗೆ ಅಧಿಕಾರವಿತ್ತೇ ಎಂಬ ಪ್ರಶ್ನೆಗಳ ಮೇಲೆ ಪ್ರಕರಣದ ಅಳಿವು ಉಳಿವು ನಿಂತಿರುತ್ತದೆ. ಆದುದರಿಂದ ಸರ್ಕಾರಿ ತನಿಖೆ ನಡೆಯುವ ಕ್ರಮವನ್ನೂ ಅದರಲ್ಲಿ ರೈತರ ಪಾತ್ರವನ್ನೂ ಇಲ್ಲಿ ವಿವರಿಸಲಾಗಿದೆ.

ಹೊಲದಲ್ಲಿ ಕಾಣುವ ಲಕ್ಷಣಗಳು

• ನದಿಪಾತ್ರದಿಂದ ಮಿತಿಮೀರಿ ಮರಳು ತೆಗೆದಾಗ ಪಾತ್ರ ತಗ್ಗಿ, ದಡದ ಬಾವಿಗಳ ನೀರಿನ ಮಟ್ಟ ಕುಸಿಯುತ್ತದೆ, ದಡವೂ ಕೊರೆಯುತ್ತದೆ.
• ಕಲ್ಲುಗಣಿ ಮತ್ತು ಕ್ರಷರ್‌ಗಳ ಧೂಳು ಎಲೆಗಳ ಮೇಲೆ ಕುಳಿತು ಪತ್ರರಂಧ್ರಗಳನ್ನು ಮುಚ್ಚುತ್ತದೆ. ಹೂ ಬಿಡುವ ಕಾಲದಲ್ಲಿ ಹಾನಿ ಹೆಚ್ಚು.
• ಬಣ್ಣದ ತ್ಯಾಜ್ಯನೀರಿನಲ್ಲಿ ಲವಣಾಂಶ ಅಧಿಕ. ಅದರಲ್ಲಿನ ಸೋಡಿಯಂ ಎರೆಮಣ್ಣಿನ ರಚನೆಯನ್ನು ಕೆಡಿಸಿ ನೀರು ಇಂಗದಂತೆ ಮಾಡುತ್ತದೆ.

ಈ ಲಕ್ಷಣಗಳಿಗೆ ಬೇರೆ ಕಾರಣಗಳೂ ಇರಬಹುದು. ಬರಗಾಲದಲ್ಲಿಯೂ ಬಾವಿ ಬತ್ತುತ್ತದೆ. ಆದ್ದರಿಂದ ಕಾರಣವನ್ನು ಖಚಿತಪಡಿಸಿಕೊಳ್ಳುವುದು ತನಿಖೆಯ ಮೊದಲ ಕೆಲಸ.

ಯಾವ ಉಲ್ಲಂಘನೆಗೆ ಯಾವ ಇಲಾಖೆ

1. ಮರಳು ಮತ್ತು ಕಲ್ಲು: ಗಣಿ ಮತ್ತು ಭೂವಿಜ್ಞಾನ ಇಲಾಖೆ. 1957ರ ಗಣಿ ಮತ್ತು ಖನಿಜ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆಯ 21ನೇ ಕಲಮಿನಂತೆ ಪರವಾನಗಿಯಿಲ್ಲದ ಗಣಿಗಾರಿಕೆ ಹಾಗೂ ಸಾಗಣೆಗೆ 5 ವರ್ಷಗಳವರೆಗೆ ಕಾರಾಗೃಹ ಮತ್ತು ಪ್ರತಿ ಹೆಕ್ಟೇರಿಗೆ 5 ಲಕ್ಷ ರೂಪಾಯಿಗಳವರೆಗೆ ದಂಡವಿದೆ. 22ನೇ ಕಲಮಿನಂತೆ, ಸರ್ಕಾರ ಅಧಿಕಾರ ನೀಡಿದ ವ್ಯಕ್ತಿಯ ಲಿಖಿತ ದೂರಿಲ್ಲದೆ ನ್ಯಾಯಾಲಯವು ಈ ಅಪರಾಧವನ್ನು ವಿಚಾರಣೆಗೆ ಸ್ವೀಕರಿಸುವಂತಿಲ್ಲ.

2. ನೀರು ಮತ್ತು ಗಾಳಿಯ ಮಾಲಿನ್ಯ: ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ ಹಾಗೂ 1986ರ ಪರಿಸರ (ಸಂರಕ್ಷಣೆ) ಕಾಯ್ದೆಗಳು ಇಲ್ಲಿ ಅನ್ವಯಿಸುತ್ತವೆ.

3. ಪೊಲೀಸ್ ಠಾಣೆ: ಮರಳು ಕಳ್ಳತನ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿಗೂ, ಸಾರ್ವಜನಿಕ ಜಲಮೂಲವನ್ನು ಉದ್ದೇಶಪೂರ್ವಕವಾಗಿ ಕಲುಷಿತಗೊಳಿಸುವುದು 279ನೇ ಕಲಮಿಗೂ ಒಳಪಡುತ್ತವೆ.

ಪೊಲೀಸರಿಗೂ ಗಣಿ ಇಲಾಖೆಗೂ ಇರುವ ಅಧಿಕಾರದ ಗೊಂದಲವನ್ನು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ದೆಹಲಿಯ ಪ್ರಕರಣವೊಂದರಲ್ಲಿಯೂ 2020ರ ಡಿಸೆಂಬರ್ 3ರಂದು ಮಧ್ಯಪ್ರದೇಶದ ಪ್ರಕರಣದಲ್ಲಿಯೂ ಬಗೆಹರಿಸಿದೆ. ನದಿಯ ಮರಳನ್ನು ಅಕ್ರಮವಾಗಿ ಒಯ್ಯುವುದು ಕಳ್ಳತನವೂ ಹೌದು, ಗಣಿ ಕಾಯ್ದೆಯ ಅಪರಾಧವೂ ಹೌದು; ಎರಡೂ ಬೇರೆ ಬೇರೆ. ಕಳ್ಳತನದ ಬಗ್ಗೆ ಪೊಲೀಸರು ನೇರವಾಗಿ ಮುಂದುವರಿಯಬಹುದು. ಗಣಿ ಕಾಯ್ದೆಯ ಅಪರಾಧಕ್ಕೆ ಅಧಿಕೃತ ಅಧಿಕಾರಿಯ ದೂರು ಬೇಕೇ ಬೇಕು. ಆದ್ದರಿಂದ ರೈತರು ದೂರಿನ ಪ್ರತಿಯನ್ನು ಠಾಣೆಗೂ ಗಣಿ ಇಲಾಖೆಗೂ ಒಂದೇ ದಿನ ಸಲ್ಲಿಸುವುದು ಸೂಕ್ತ.

ಕಾನೂನಿನಲ್ಲಿ ಆಗಿರುವ ಬದಲಾವಣೆಯೊಂದನ್ನು ಗಮನಿಸಬೇಕು. 2023ರ ಜನ ವಿಶ್ವಾಸ ಕಾಯ್ದೆಯ ತಿದ್ದುಪಡಿಯಿಂದ 2024ರ ಏಪ್ರಿಲ್ 1ರ ನಂತರ ಪರಿಸರ ಸಂರಕ್ಷಣಾ ಕಾಯ್ದೆಯ ಉಲ್ಲಂಘನೆಗಳಿಗೆ ನೇರ ಕಾರಾಗೃಹದ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿಗಳವರೆಗಿನ ಹಣದ ದಂಡನೆ ಬಂದಿದೆ. ಅದನ್ನು ನಿರ್ಣಾಯಕ ಅಧಿಕಾರಿ ವಿಧಿಸುತ್ತಾರೆ. ಅವಧಿಯೊಳಗೆ ಕಟ್ಟದಿದ್ದರೆ ಮಾತ್ರ ಕಾರಾಗೃಹದ ಪ್ರಶ್ನೆ ಬರುತ್ತದೆ. ಗಣಿ ಕಾಯ್ದೆಯ ಕಾರಾಗೃಹ ಶಿಕ್ಷೆ ಹಾಗೆಯೇ ಉಳಿದಿದೆ.

ತನಿಖೆ ಹೇಗೆ ನಡೆಯುತ್ತದೆ

ನೀರಿನ ಮಾದರಿ: ಜಲ ಕಾಯ್ದೆಯ 21ನೇ ಕಲಮು ಇದರ ಬುನಾದಿ. ತ್ಯಾಜ್ಯನೀರಿನ ಮಾದರಿ ತೆಗೆಯುವ ಅಧಿಕಾರಿ ಘಟಕದವರಿಗೆ ಅಲ್ಲಿಯೇ ನೋಟಿಸು ನೀಡಬೇಕು. ಅವರ ಸಮಕ್ಷಮ ಮಾದರಿಯನ್ನು ಎರಡು ಭಾಗ ಮಾಡಿ, ಪಾತ್ರೆಗಳಿಗೆ ಗುರುತು ಮತ್ತು ಮುದ್ರೆ ಹಾಕಿ, ಇಬ್ಬರೂ ಸಹಿ ಮಾಡಿ, ಪ್ರಯೋಗಾಲಯಕ್ಕೆ ಕೂಡಲೇ ಕಳುಹಿಸಬೇಕು. ಈ ಕ್ರಮ ತಪ್ಪಿದರೆ ವಿಶ್ಲೇಷಣೆಯ ಫಲಿತಾಂಶವನ್ನು ಸಾಕ್ಷ್ಯವಾಗಿ ಪರಿಗಣಿಸಲಾಗದು. ರೈತನೇ ಬಾಟಲಿಯಲ್ಲಿ ತುಂಬಿ ತಂದ ನೀರಿನ ವರದಿ ಅಧಿಕಾರಿಯನ್ನು ಸ್ಥಳಕ್ಕೆ ಕರೆಸಲು ಸಾಕು. ಶಿಕ್ಷೆ ಕೊಡಿಸಲು ಸಾಲದು.

ಸ್ಥಳದ ಅಳತೆ: ಕಲ್ಲುಗಣಿಯಲ್ಲಿ ಗುತ್ತಿಗೆಯ ನಕ್ಷೆ ಮತ್ತು ನಿಜವಾದ ಹೊಂಡವನ್ನು ಹೋಲಿಸಲಾಗುತ್ತದೆ. ಗಡಿಕಲ್ಲು, ಹೊಂಡದ ಆಳ, ತ್ಯಾಜ್ಯಕಲ್ಲಿನ ರಾಶಿ ಎಲ್ಲವೂ ಪಂಚನಾಮೆಯಲ್ಲಿ ಸೇರಬೇಕು. ಶೋಧ ಮತ್ತು ಜಪ್ತಿಯನ್ನು ಧ್ವನಿ ಹಾಗೂ ಚಿತ್ರ ಸಹಿತ ದಾಖಲಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು ವಿಧಿಸಿದೆ.

ಲೆಕ್ಕದ ತಾಳೆ: ತೆಗೆದ ಪ್ರಮಾಣ, ರಾಜಧನ ಕಟ್ಟಿದ ಪ್ರಮಾಣ, ಸಾಗಣೆ ಪರವಾನಗಿಯ ಪ್ರಮಾಣ ಮತ್ತು ತೂಕದ ಚೀಟಿ ಇವು ಒಂದಕ್ಕೊಂದು ತಾಳೆಯಾಗದಿದ್ದರೆ ಅಕ್ರಮ ಬಯಲಾಗುತ್ತದೆ.

ಬಳ್ಳಾರಿ ಪ್ರಕರಣದ ಪಾಠ

ಬಳ್ಳಾರಿಯ ಕಬ್ಬಿಣ ಅದಿರಿನ ತನಿಖೆ ಈ ವಿಧಾನಕ್ಕೆ ದೊಡ್ಡ ಉದಾಹರಣೆ. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು 2008ರ ಡಿಸೆಂಬರ್‌ನಲ್ಲಿ ಮೊದಲ ವರದಿಯನ್ನೂ 2011ರ ಜುಲೈ 27ರಂದು ಎರಡನೆಯದನ್ನೂ ಸಲ್ಲಿಸಿದರು. ಅರಣ್ಯ ಸೇವೆಯ ಅಧಿಕಾರಿ ಯು.ವಿ. ಸಿಂಗ್ ನೇತೃತ್ವದ ತಂಡ ಸಾಗಣೆ ಪರವಾನಗಿಗಳನ್ನೂ ಬಂದರುಗಳಿಂದ ರಫ್ತಾದ ಅದಿರಿನ ಲೆಕ್ಕವನ್ನೂ ಹೋಲಿಸಿ ನೋಡಿತ್ತು.

ಧಾರವಾಡದ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿತು. ನ್ಯಾಯಾಲಯದ ಆದೇಶದಂತೆ ಗುತ್ತಿಗೆಗಳ ಗಡಿಯನ್ನು ಹೊಸದಾಗಿ ಅಳೆದು, ಅತಿಕ್ರಮಣದ ಪ್ರಮಾಣಕ್ಕೆ ಅನುಗುಣವಾಗಿ ಎ, ಬಿ, ಸಿ ಎಂದು ವರ್ಗೀಕರಿಸಲಾಯಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಅಂದರೆ ಗಡಿಯ ಅಳತೆಯೇ ಅಲ್ಲಿ ಮುಖ್ಯ ಸಾಕ್ಷ್ಯವಾಯಿತು.

ಇದೇ ಸರಣಿಯ ಮೊಕದ್ದಮೆಯೊಂದರಲ್ಲಿ ಆರೋಪಿಯು ವಿಶೇಷ ತನಿಖಾ ತಂಡದ ಅಧಿಕಾರಿಗೆ 22ನೇ ಕಲಮಿನಂತೆ ದೂರು ಸಲ್ಲಿಸುವ ಅಧಿಕಾರವಿಲ್ಲವೆಂದು ವಾದಿಸಿದ್ದರು. ಸರ್ಕಾರದ ಅಧಿಸೂಚನೆಯು ಆ ಅಧಿಕಾರವನ್ನು ಕೊಟ್ಟಿದೆ ಎಂದು ಸರ್ವೋಚ್ಚ ನ್ಯಾಯಾಲಯ 2021ರ ನವೆಂಬರ್ 29ರಂದು ಹೇಳಿತು. ಅಧಿಸೂಚನೆ ಇಲ್ಲದಿದ್ದರೆ ಅಷ್ಟು ದೊಡ್ಡ ತನಿಖೆಗೂ ತೊಡಕಾಗುತ್ತಿತ್ತು.

ರೈತರು ಅನುಸರಿಸಬೇಕಾದ ಕ್ರಮ

1. ಮೊದಲ ದಿನದಿಂದಲೇ ದಿನಚರಿ ಬರೆಯಿರಿ: ದಿನಾಂಕ, ವೇಳೆ, ಸರ್ವೆ ನಂಬರು, ವಾಹನ ಸಂಖ್ಯೆ, ಬಾವಿಯ ನೀರಿನ ಮಟ್ಟ.
2. ನಿಮ್ಮ ಹೊಲದಿಂದಲೇ ಚಿತ್ರ ತೆಗೆಯಿರಿ. ಗಣಿಯೊಳಗೆ ಹೋಗಬೇಡಿ; ವಾಹನವನ್ನು ತಡೆಯಬೇಡಿ. ಚಿತ್ರ ತೆಗೆದ ಮೊಬೈಲನ್ನು ಉಳಿಸಿಕೊಳ್ಳಿ. ವಿದ್ಯುನ್ಮಾನ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ.
3. ಮಣ್ಣು ಮತ್ತು ಬಾವಿ ನೀರನ್ನು ಪರೀಕ್ಷೆಗೆ ಕೊಡಿ. ದೂರದ, ಹಾನಿಯಾಗದ ಹೊಲದ ಮಾದರಿಯೂ ಜೊತೆಗಿರಲಿ. ಹೋಲಿಕೆಯಿಲ್ಲದೆ ಕಾರಣ ಸಿದ್ಧವಾಗದು.
4. ಬೆಳೆ ಕೊಯ್ಯುವ ಮೊದಲೇ ಕೃಷಿ ಅಥವಾ ತೋಟಗಾರಿಕೆ ಇಲಾಖೆಯಿಂದ ಹಾನಿಯ ಪರಿಶೀಲನೆ ಮಾಡಿಸಿ, ಲಿಖಿತ ವರದಿ ಪಡೆಯಿರಿ.
5. ದೂರು ಲಿಖಿತವಾಗಿರಲಿ, ಸ್ವೀಕೃತಿ ಪಡೆಯಿರಿ. ಪ್ರಥಮ ವರ್ತಮಾನ ವರದಿಯ ಪ್ರತಿ ದೂರುದಾರರಿಗೆ ಉಚಿತ. ಠಾಣೆಯಲ್ಲಿ ದಾಖಲಿಸಿಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ, ನಂತರ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು.
6. ಜಲ ಕಾಯ್ದೆಯ 49ನೇ ಕಲಮಿನಂತೆ, ಮಂಡಳಿ ಮುಂದುವರಿಯದಿದ್ದರೆ 60 ದಿನಗಳ ನೋಟಿಸು ನೀಡಿ ಯಾವುದೇ ವ್ಯಕ್ತಿ ನ್ಯಾಯಾಲಯಕ್ಕೆ ದೂರು ಸಲ್ಲಿಸಬಹುದು.

ಟ್ರ್ಯಾಕ್ಟರ್ ಮಾಲೀಕರಿಗೆ ಎಚ್ಚರಿಕೆ

ಪರವಾನಗಿಯಿಲ್ಲದ ಮರಳು ಹೇರಿದ ಟ್ರ್ಯಾಕ್ಟರ್ ಹಾಗೂ ಟ್ರೇಲರ್ ಜಪ್ತಿಗೆ ಒಳಪಡುತ್ತವೆ. ನ್ಯಾಯಾಲಯ ಅವನ್ನು ಸರ್ಕಾರಕ್ಕೆ ಮುಟ್ಟುಗೋಲು ಹಾಕಬಹುದು. ಬಾಡಿಗೆಗೆ ಅಥವಾ ಕೈಗಡವಾಗಿ ಕೊಟ್ಟಾಗಲೂ ಜಪ್ತಿ ತಪ್ಪದು. ಬಿತ್ತನೆಯ ಹೊತ್ತಿಗೆ ಟ್ರ್ಯಾಕ್ಟರ್ ಠಾಣೆಯ ಆವರಣದಲ್ಲಿ ನಿಂತರೆ ಆಗುವ ನಷ್ಟ ಒಂದು ಟ್ರಿಪ್ಪಿನ ಬಾಡಿಗೆಗಿಂತ ಬಹಳ ದೊಡ್ಡದು. ವಾಹನ ಕೊಡುವ ಮೊದಲು ಸಾಗಣೆ ಪರವಾನಗಿಯನ್ನು ಕಣ್ಣಾರೆ ನೋಡಿರಿ.

ಬೆಳೆ ನಷ್ಟಕ್ಕೆ ಪರಿಹಾರ

ಅಪರಾಧಿಗೆ ಶಿಕ್ಷೆಯಾದ ಮಾತ್ರಕ್ಕೆ ರೈತನ ನಷ್ಟ ತುಂಬುವುದಿಲ್ಲ. ಅದಕ್ಕೆ 2010ರ ಕಾಯ್ದೆಯ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವಿದೆ. ಕರ್ನಾಟಕವು ಚೆನ್ನೈನ ದಕ್ಷಿಣ ವಲಯ ಪೀಠಕ್ಕೆ ಸೇರಿದೆ. ಬೆಳೆ, ತೋಟ, ಮರಗಳ ಹಾನಿಯೂ ಪರಿಹಾರದ ಪಟ್ಟಿಯಲ್ಲಿದೆ. ಪರಿಸರ ವಿವಾದದ ಅರ್ಜಿಗೆ 6 ತಿಂಗಳು, ಪರಿಹಾರದ ಅರ್ಜಿಗೆ 5 ವರ್ಷಗಳ ಕಾಲಮಿತಿಯಿದೆ. ಮೇಲೆ ಹೇಳಿದ ದಿನಚರಿ, ಪರೀಕ್ಷಾ ವರದಿ ಮತ್ತು ಹಾನಿಯ ವರದಿಗಳೇ ಇಲ್ಲಿಯೂ ಆಧಾರ.

ಸಾರಾಂಶ

ಹಾನಿ ಕಂಡ ಕೂಡಲೇ ಬರೆದಿಡುವುದು, ಅಧಿಕಾರವುಳ್ಳ ಇಲಾಖೆಗೆ ಲಿಖಿತವಾಗಿ ತಿಳಿಸುವುದು, ಅಧಿಕೃತ ಮಾದರಿ ತೆಗೆಯುವಂತೆ ಒತ್ತಾಯಿಸುವುದು ಈ ಮೂರೂ ರೈತರ ಕೈಯಲ್ಲಿವೆ. ಒಂದು ಮಳೆ ಬಂದರೆ ಹಳ್ಳದ ಬಣ್ಣ ತೊಳೆದುಹೋಗುತ್ತದೆ, ನದಿಯ ಹೊಂಡ ಮುಚ್ಚಿಹೋಗುತ್ತದೆ. ಆದುದರಿಂದ ಮಳೆಗಾಲದ ಮೊದಲೇ ಸ್ಥಳ ಪರಿಶೀಲನೆ ಮುಗಿಯುವಂತೆ ನೋಡಿಕೊಳ್ಳಬೇಕು.