ಎಂಜಿನ್ ಆರ್‌ಪಿಎಂನಿಂದ ಹಿಂದಿನ ಆಕ್ಸಲ್ ರೇಶಿಯೋ ಲೆಕ್ಕ ಹಾಕೋದು ಹೇಗೆ?

ನೆದರ್‌ಲ್ಯಾಂಡ್ಸ್‌ನಲ್ಲಿ ಹಿಂದಿನ ಚಕ್ರಕ್ಕೆ ಡ್ರೈವ್ ಇರುವ ಸೆಕೆಂಡ್ ಹ್ಯಾಂಡ್ ಕಾರು ತಗೊಳ್ತೀರಾ? ಯಾರಾದರೂ ಡಿಫರೆನ್ಷಿಯಲ್ ಬದಲಿಸಿ ರೇಶಿಯೋ ಹೆಚ್ಚಾಗಿದ್ದರೆ ಎಂಜಿನ್ ಜಾಸ್ತಿ ಸುತ್ತುತ್ತದೆ, ಪೆಟ್ರೋಲ್ ಖರ್ಚು ತಿಂಗಳು ತಿಂಗಳೂ ನಿಮ್ಮ ಜೇಬಿಗೇ.

2020ರ ಮಾರ್ಚ್‌ನಿಂದ ಅಲ್ಲಿನ ಹೆಚ್ಚಿನ ಹೈವೇಗಳಲ್ಲಿ ಬೆಳಗ್ಗೆ 6ರಿಂದ ಸಂಜೆ 7ರವರೆಗೆ ಗರಿಷ್ಠ ವೇಗ 100 ಕಿ.ಮೀ. ಲೆಕ್ಕಕ್ಕೂ ಇದೇ ಅನುಕೂಲ.

1. ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಒಂದು ಪೂರ್ತಿ ಸುತ್ತಿಗೆ ಗಾಡಿ ಎಷ್ಟು ಮುಂದೆ ಹೋಯಿತು ಅಂತ ಅಳೆಯಿರಿ. 2 ಮೀಟರ್ ಅಂದುಕೊಳ್ಳೋಣ.
2. 100 ಕಿ.ಮೀ. ಅಂದರೆ ನಿಮಿಷಕ್ಕೆ 1,667 ಮೀಟರ್. 2ರಿಂದ ಭಾಗಿಸಿದರೆ ಚಕ್ರ ಸುಮಾರು 833 ಸುತ್ತು.
3. ಟಾಪ್ ಗೇರಿನಲ್ಲಿ ಆರ್‌ಪಿಎಂ 2,500 ಇದ್ದರೆ, 2,500 ÷ 833 = 3.
4. ಇದನ್ನು ಆ ಗೇರಿನ ರೇಶಿಯೋದಿಂದ ಭಾಗಿಸಿ. ಗೇರ್ 1 ಆದರೆ ಆಕ್ಸಲ್ 3.0; ಗೇರ್ 0.8 ಆದರೆ 3.75.

ಉತ್ತರವನ್ನು ಕಂಪನಿಯ ಪುಸ್ತಕದ ಜೊತೆ ತಾಳೆ ನೋಡಿ. ಸ್ಪೀಡೋಮೀಟರ್ ಸ್ವಲ್ಪ ಜಾಸ್ತಿ ತೋರಿಸೋದು ಮಾಮೂಲು. ಆದ್ದರಿಂದ ವೇಗವನ್ನು ಮೊಬೈಲ್ ಜಿಪಿಎಸ್‌ನಲ್ಲಿ ಪಕ್ಕ ಕೂತವರು ಓದಲಿ.

ಬೆಲ್ಟ್ ಗೇರಿನ ಸಿವಿಟಿ ಕಾರಿಗೆ ಈ ಲೆಕ್ಕ ನಡೆಯೋದಿಲ್ಲ, ಅದರ ಗೇರ್ ರೇಶಿಯೋ ಬದಲಾಗುತ್ತಲೇ ಇರುತ್ತದೆ. ಐಂಡ್‌ಹೋವನ್‌ನ ಡಾಫ್ ಕಂಪನಿ 1958ರಲ್ಲಿ ತೋರಿಸಿದ ಡಾಫ್ 600 ಕಾರೂ ಇದೇ ಜಾತಿಯದು.