ಕುಮಾರಕೃಪಾ ರಸ್ತೆಯ ಒಂದು ಸಂಜೆ

ಬೆಂಗಳೂರಿನ ಶಿವಾನಂದ ವೃತ್ತದಿಂದ ಗಾಲ್ಫ್ ಮೈದಾನದ ಕಡೆಗೆ ಸಾಗುವ ಕುಮಾರಕೃಪಾ ರಸ್ತೆಗೆ ಆ ಹೆಸರು ಬಂದದ್ದು ಒಂದು ಬಂಗಲೆಯಿಂದ. 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಬಂಗಲೆ ಅದು. ಆಮೇಲೆ ಸರ್ಕಾರಿ ಅತಿಥಿಗೃಹವಾಯಿತು. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ನಂದಿಬೆಟ್ಟದಲ್ಲಿದ್ದು, ಅಲ್ಲಿಂದ ಇಳಿದು ಬಂದು ತಂಗಿದ್ದೂ ಇಲ್ಲಿಯೇ. ಹೀಗೆ ದಿವಾನರ, ಗಣ್ಯ ಅತಿಥಿಗಳ ಬೀದಿಯಾಗಿದ್ದ ಈ ರಸ್ತೆಗೆ ಇವತ್ತು ಜನ ಚಿತ್ರ ನೋಡಲು ಬರುತ್ತಾರೆ.

ಅದಕ್ಕೆ ಕಾರಣ 1960ರಲ್ಲಿ ಹುಟ್ಟಿದ ಕರ್ನಾಟಕ ಚಿತ್ರಕಲಾ ಪರಿಷತ್ತು, ಮತ್ತು ಅದನ್ನು ಕಟ್ಟಿ ಬೆಳೆಸಿದ ಪ್ರೊ. ಎಂ.ಎಸ್. ನಂಜುಂಡರಾವ್. ನಾವು ನಾಲ್ಕಾರು ಗೆಳೆಯರು ಒಂದು ಶನಿವಾರ ಅಲ್ಲಿ ಸೇರಿದೆವು. ನಮ್ಮಲ್ಲೊಬ್ಬರು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಉಳಿದವರಿಗೆ ಚಿತ್ರಕಲೆಯ ಪಾಠವಿಲ್ಲ, ಪ್ರೀತಿಯಿದೆ. ಸಂಗ್ರಹಾಲಯ ಮುಚ್ಚುವುದರೊಳಗೆ ತೊಗಲುಗೊಂಬೆಗಳನ್ನು ನೋಡಿಬಿಡಬೇಕೆಂದು ಮೇಷ್ಟ್ರು ಅವಸರಪಡಿಸಿ ಮೊದಲು ಅಲ್ಲಿಗೇ ಕರೆದೊಯ್ದರು.

ಹಳ್ಳಿಗಳಲ್ಲಿ ಕಿಳ್ಳೇಕ್ಯಾತ ಸಮುದಾಯದವರು ಈ ಗೊಂಬೆಗಳನ್ನು ಆಡಿಸುತ್ತಿದ್ದರು. ಹದ ಮಾಡಿದ ತೊಗಲು ಬೆಳಕು ಹಾಯುವಷ್ಟು ತೆಳ್ಳಗಿರುತ್ತದೆ. ಕಪ್ಪು ಗೆರೆಯಲ್ಲಿ ಆಕಾರ, ಒಳಗೆ ಕೆಂಪು, ಹಸಿರು. ಒಡವೆ, ಸೀರೆಯ ಅಂಚುಗಳಿಗೆ ಸಣ್ಣ ಸಣ್ಣ ತೂತು. ಪರದೆಯ ಹಿಂದೆ ದೀಪ ಹಚ್ಚಿದಾಗ ಆ ತೂತುಗಳೇ ಒಡವೆಯ ಹೊಳಪಾಗುತ್ತವೆ. ಕರ್ನಾಟಕದ ಗೊಂಬೆಗಳ ವಿಶೇಷವೆಂದರೆ ಎಷ್ಟೋ ಸಲ ಒಂದೇ ತೊಗಲಿನಲ್ಲಿ ಇಡೀ ಸನ್ನಿವೇಶ ಅಡಗಿರುತ್ತದೆ: ರಥ, ಸಾರಥಿ, ಕುದುರೆ, ಮೇಲೊಬ್ಬ ವೀರ. ಮಳೆ ಬಾರದ ವರ್ಷ, ಆಡಿಸಿದರೆ ಮಳೆ ಬರುತ್ತದೆಂಬ ನಂಬಿಕೆಯಿಂದ ಊರವರು ಈ ಆಟ ಆಡಿಸುತ್ತಿದ್ದರು. ನಂಜುಂಡರಾಯರು ಈ ಗೊಂಬೆಗಳನ್ನು ಸಂಗ್ರಹಿಸಿ ಅವುಗಳ ಬಗ್ಗೆ ಗ್ರಂಥವನ್ನೂ ಬರೆದರು. ಆಟ ಕಡಿಮೆಯಾಗಿ ಗೊಂಬೆಗಳು ಗಂಟುಮೂಟೆಯಲ್ಲೇ ಮುದುರಿಹೋಗುತ್ತಿದ್ದ ಕಾಲದಲ್ಲಿ, ಇವು ಚಿತ್ರಕಲೆಯೇ ಎಂದು ಹೇಳಿ ಗೋಡೆಗೆ ಏರಿಸಿದ ಆ ಕೆಲಸ ನನ್ನ ದೃಷ್ಟಿಯಲ್ಲಿ ಪರಿಷತ್ತಿನ ಎಲ್ಲ ಸಾಧನೆಗಳಿಗಿಂತ ದೊಡ್ಡದು.

ಪಕ್ಕದಲ್ಲಿ ಮೈಸೂರು ಸಂಪ್ರದಾಯದ ಚಿತ್ರಗಳು. ತಂಜಾವೂರಿನವುಗಳಲ್ಲಿ ಚಿನ್ನದ ಕೆಲಸ ದಪ್ಪಗೆ ಉಬ್ಬಿರುತ್ತದೆ, ಕಲ್ಲು ಕೂರಿಸಿರುತ್ತಾರೆ. ಮೈಸೂರಿನ ಚಿತ್ರಗಾರರು ಸಫೇದವೆಂಬ ಬಿಳಿ ಲೇಪದ ಉಬ್ಬನ್ನು ತೆಳ್ಳಗೆ ಎಳೆದು, ಮೇಲೆ ಚಿನ್ನದ ರೇಕು ಕೂರಿಸುತ್ತಿದ್ದರು. ದೇವಿಯ ಮೂಗುತಿಯನ್ನು ತೋರಿಸುತ್ತ ಮೇಷ್ಟ್ರು, “ಇಲ್ಲಿ ಕೈ ನಡುಗಿದ್ರೆ ಮುಗೀತು ಕಣ್ರೀ” ಎಂದರು. ನಾವೆಲ್ಲ ಬಗ್ಗಿ ನೋಡಿದೆವು.

ರೋರಿಕ್ ತಂದೆ-ಮಗನ ಚಿತ್ರಗಳಿಗೆ ಬೇರೆಯೇ ಕೋಣೆಯಿದೆ. ರಷ್ಯಾದಿಂದ ಬಂದ ನಿಕೋಲಸ್ ಹಿಮಾಲಯವನ್ನು ಬರೆದರು. ಮಗ ಸ್ವೆಟೊಸ್ಲಾವ್, ನಟಿ ದೇವಿಕಾರಾಣಿಯವರನ್ನು ಮದುವೆಯಾಗಿ, ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ನೆಲೆಸಿ ಬೆಂಗಳೂರಿನವರೇ ಆದರು. ತೊಗಲುಗೊಂಬೆ ನೋಡಿದ ಕಣ್ಣಿಗೆ ಆ ನೀಲಿ ಶಿಖರಗಳು ಎದುರಾಗುವುದು ಈ ಅಂಗಳದಲ್ಲಷ್ಟೇ ಸಾಧ್ಯ.

ಸಂಗ್ರಹಾಲಯದ ಬಾಗಿಲು ಹಾಕಿದ ಮೇಲೂ ಪ್ರದರ್ಶನದ ಗ್ಯಾಲರಿಗಳು ತೆರೆದಿದ್ದವು. ಕಲಾವಿದರು ಇವನ್ನು ಕೆಲವು ದಿನಗಳ ಮಟ್ಟಿಗೆ ಬಾಡಿಗೆಗೆ ಪಡೆದು, ತಮ್ಮ ಚಿತ್ರಗಳ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ರಾಯಚೂರಿನ ಕಡೆಯಿಂದ ಬಂದಿದ್ದ ಯುವಕನೊಬ್ಬ ಬಿಸಿಲಿಗೆ ಬಿರುಕುಬಿಟ್ಟ ಎರೆಹೊಲಗಳನ್ನೇ ಬರೆದು ತಂದಿದ್ದ. “ಇಷ್ಟೊಂದು ಕಪ್ಪು ಯಾಕಪ್ಪಾ?” ಎಂದು ನಮ್ಮವರೊಬ್ಬರು ಕೇಳಿದರು. “ಕಪ್ಪಲ್ರೀ ಸರ್, ಹತ್ರ ಬಂದು ನೋಡ್ರಿ” ಎಂದ. ಹತ್ತಿರ ಹೋದಾಗ ಕಂದು, ನೇರಳೆ, ಒಂದೆಡೆ ಕಂಡೂ ಕಾಣದ ಹಸಿರು. ಕಾಲು ಗಂಟೆ ಅವನೊಡನೆ ಮಾತಾಡಿದೆವು. ದೊಡ್ಡ ಹೆಸರಿನವರ ಚಿತ್ರಗಳ ಮುಂದೆ ಇಂಥ ಮಾತು ಹುಟ್ಟುವುದಿಲ್ಲ. ಬರೆದವನು ಎದುರಿಗಿದ್ದರೆ ಮಾತ್ರ ಹುಟ್ಟುತ್ತದೆ.

ಇಲ್ಲಿಂದ ದೂರವೇನೂ ಇಲ್ಲದ ಅರಮನೆ ರಸ್ತೆಯಲ್ಲಿ, ಮಾಣಿಕ್ಯವೇಲು ಅವರ ಹಳೆಯ ಬಂಗಲೆಯಲ್ಲಿ, 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಿದೆ. ಅಂದು ಅಲ್ಲಿಗೆ ಹೊತ್ತಾಗಿತ್ತು. ಅದಕ್ಕೆ ಇಡೀ ಒಂದು ಬೆಳಗ್ಗೆಯನ್ನೇ ಇಟ್ಟುಕೊಳ್ಳುವುದು ಮೇಲು.

ಕುಮಾರಕೃಪಾ ರಸ್ತೆ ಪೂರ್ತಿ ಕಲಾವಿದರ ವಶವಾಗುವುದು ಚಿತ್ರಸಂತೆಯ ಭಾನುವಾರ. 2003ರಲ್ಲಿ ಪರಿಷತ್ತು ಆರಂಭಿಸಿದ ಸಂತೆ ಇದು. ಅಂದು ವಾಹನ ಸಂಚಾರ ನಿಲ್ಲಿಸುತ್ತಾರೆ; ರಸ್ತೆಯ ಎರಡೂ ಬದಿಗೆ ನಾಡಿನ ಮೂಲೆಮೂಲೆಯಿಂದಲೂ ಹೊರರಾಜ್ಯಗಳಿಂದಲೂ ಬಂದ ಚಿತ್ರಗಾರರು ಕೂರುತ್ತಾರೆ. ಗ್ಯಾಲರಿಯ ಮೆಟ್ಟಿಲು ಹತ್ತಲು ಸಂಕೋಚಪಡುವವರೂ ಅಂದು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಾರೆ, ಬೆಲೆ ಕೇಳುತ್ತಾರೆ, ಚಿಕ್ಕದೊಂದನ್ನು ಕೊಂಡೂ ಹೋಗುತ್ತಾರೆ. ರಾಯಚೂರಿನ ಹುಡುಗ ಮುಂದಿನ ಸಂತೆಗೆ ಬರುತ್ತೇನೆಂದಿದ್ದಾನೆ. ತಮ್ಮ ಶಾಲೆಯ ಮಕ್ಕಳನ್ನು ಅವನ ಹೊಲಗಳ ಮುಂದೆ ನಿಲ್ಲಿಸಬೇಕೆಂದು ಮೇಷ್ಟ್ರು ಅವನ ಫೋನ್ ನಂಬರು ಬರೆದುಕೊಂಡರು.